ತಲೆ ನಿಂತ ದಿನ ಫೋನ್ ಮಾಡಿ

ಆ ಮರಿಯ ತಲೆ ನಡುಗುತ್ತಿದ್ದುದು ನಿಮ್ಮ ಕೈಯಿಂದ ಬಿದ್ದದ್ದಕ್ಕಲ್ಲ, ಭಾಗ್ಯಮ್ಮ. ಮೊಟ್ಟೆಯೊಡೆದು ಹೊರಬಂದಾಗಲೇ ಅದು ಹಾಗಿತ್ತು. ಇದು ನನಗೆ ಗೊತ್ತಿತ್ತು — ನೀವು ಮೊದಲ ಸಲ ನನ್ನ ಮನೆಯ ಮೆಟ್ಟಿಲ ಮೇಲೆ ನಿಂತು ಸೆರಗಿನಲ್ಲಿ ಕಣ್ಣು ಒರೆಸಿಕೊಂಡಿರಲ್ಲ, ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ.

ಹೇಳಲಿಲ್ಲ ಎಂದರೂ ಅರ್ಧ ಸತ್ಯವೇ. ಬೇರೊಂದನ್ನು ಹೇಳಿದೆ.

ಇದು ಎದುರು ನಿಂತು ಆಡಬೇಕಾದ ಮಾತು. ಆಡುತ್ತೇನೆ. ಆದರೆ ನಿಮ್ಮೆದುರು ನನ್ನ ನಾಲಿಗೆ ಹೇಗೆ ಹೊರಳುತ್ತದೆ ಎಂಬುದನ್ನು ಎಷ್ಟೋ ಭಾನುವಾರ ನೋಡಿದ್ದೇನೆ. ಅದಕ್ಕೇ ಮೊದಲು ಇಲ್ಲಿ, ಯಾರೂ ಇಲ್ಲದ ಕಡೆ, ಎಲ್ಲವನ್ನೂ ಒಪ್ಪಿಸಿ ನೋಡುತ್ತಿದ್ದೇನೆ. ನಿಮಗೆ ಗೊತ್ತಿರುವ ಸಂಗತಿಗಳನ್ನೂ ಬಿಡುವುದಿಲ್ಲ. ಒಂದನ್ನು ಬಿಟ್ಟರೂ ಆ ಸಂದಿಯಲ್ಲೇ ನುಸುಳಿಕೊಂಡು ಹೋಗುವ ಜಾತಿ ನಾನು.

ನಾನು ಹುಟ್ಟಿದ್ದು ಸಂಪಾಜೆಯಲ್ಲಿ, ವಯಸ್ಸು ಕಳೆದದ್ದು ಸುಂಟಿಕೊಪ್ಪದ ಒಳಗಿನ ಈ ಕಾಫಿ ಎಸ್ಟೇಟಿನಲ್ಲಿ, ರೈಟರ್ ಆಗಿ. ಲೈನ್‌ಮನೆಯ ಆಳುಗಳನ್ನು ಕೆಲಸಕ್ಕೆ ಹಚ್ಚುವುದು, ಪಿಕ್ಕಿಂಗ್ ಕಾಲದಲ್ಲಿ ಹಣ್ಣು ತೂಗಿಸುವುದು — ಅದೇ ಜೀವನ. ಅಮ್ಮನಿಗೆ ಕಾಯಿಲೆ, ಆಮೇಲೆ ಮದುವೆ ಆದರಾಯಿತು ಎಂದು ಮುಂದೆ ಹಾಕುತ್ತಾ ಹೋದೆ, ಅಮ್ಮ ಹೋದ ಮೇಲೆ ಮುಂದೆ ಹಾಕುವುದಕ್ಕೂ ಏನೂ ಉಳಿಯಲಿಲ್ಲ. ಕೆಲಸ ಬಿಟ್ಟ ಮೇಲೂ ತೋಟದ ಸಾವುಕಾರರು ಹಳೆಯ ಕ್ವಾರ್ಟರ್ಸಿನಲ್ಲೇ ಇರಲು ಬಿಟ್ಟರು. ಕಾಫಿ ಗಿಡದ ಬುಡದಲ್ಲಿ ಹಾವು ಕಂಡರೆ ಮೊದಲಿನಿಂದಲೂ ಕೂಗು ನನಗೇ ಬರುತ್ತಿತ್ತು. ಹಿಡಿಯುತ್ತಿದ್ದೆ, ಕಾಡಿಗೆ ಬಿಡುತ್ತಿದ್ದೆ. ಹಾಗೆ 'ಹಾವಿನ ರೈಟ್ರು' ಎಂಬ ಹೆಸರು ಬಂತು.

ಹೆಸರು ಬಂತು, ಜನ ಹೋದರು. ಹಾವು ಹಿಡಿಯುವವನನ್ನು ಊರೆಲ್ಲ ಕರೆಯುತ್ತದೆ. ಅವನ ಮನೆಗೆ ಮಾತ್ರ ಯಾರೂ ಬರುವುದಿಲ್ಲ. ಬಂದರೂ ಅಂಗಳದಲ್ಲೇ ನಿಂತು ಮಾತು. ಕಾಫಿ ಕುಡಿಯಿರಿ ಎಂದರೆ "ಈಗಷ್ಟೇ ಆಯ್ತು" ಅನ್ನುತ್ತಾರೆ, ಕಣ್ಣು ನನ್ನ ಕೈಯ ಮೇಲಿರುತ್ತದೆ — ಈ ಕೈಯಲ್ಲೇ ಅಲ್ಲವೇ ಅದನ್ನೆಲ್ಲ ಮುಟ್ಟುವುದು ಎಂದು. ಅವರನ್ನು ದೂರುವುದಿಲ್ಲ. ನಾನಾಗಿದ್ದರೂ ಕುಡಿಯುತ್ತಿರಲಿಲ್ಲವೇನೋ. ಆದರೆ ವರ್ಷಗಟ್ಟಲೆ ಒಂದೇ ಲೋಟವನ್ನು ತೊಳೆದು, ಒಂದೇ ಲೋಟವನ್ನು ಬೋರಲು ಹಾಕುವುದಿದೆಯಲ್ಲ — ಇರಲಿ. ಇದು ನನ್ನ ಗೋಳು ಹೇಳಿಕೊಳ್ಳುವ ಜಾಗವಲ್ಲ.

ನನಗಿದ್ದ ಒಂದೇ ಸಂಗ ಫೋನಿನದು. ಹಲಸಿನ ಮರದ ಬುಡದಲ್ಲಿ ಮಾತ್ರ ಸಿಗ್ನಲ್ಲು. ಸಂಜೆ ಅಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದೆ. ಬಾಲ್ ಪೈಥಾನ್ ಸಾಕುವವರ ಗುಂಪೊಂದಿತ್ತು. ಅದು ಆಫ್ರಿಕಾದ ಪುಟ್ಟ ಹೆಬ್ಬಾವು, ಹೆದರಿದರೆ ಚೆಂಡಿನ ಹಾಗೆ ಸುತ್ತಿಕೊಳ್ಳುತ್ತದೆ. ನಮ್ಮ ಕಾಡಿನ ಹೆಬ್ಬಾವನ್ನು ಸಾಕುವಂತಿಲ್ಲ, ಇದನ್ನು ಕಾಗದಪತ್ರ ಮಾಡಿಸಿಕೊಂಡು ಸಾಕಬಹುದು. ಬಣ್ಣಕ್ಕಾಗಿಯೇ ಮರಿ ಮಾಡಿಸುತ್ತಾರೆ, ಒಂದೊಂದು ಬಣ್ಣಕ್ಕೂ ಒಂದೊಂದು ಹೆಸರು — ಬನಾನಾ, ಪೇಸ್ಟೆಲ್, ಪಿನ್‌ಸ್ಟ್ರೈಪ್, ಸ್ಪೈಡರ್. ಯಾರೋ ಒಂದು ಮರಿಯ ಫೋಟೋ ಹಾಕಿ ಇದು ಯಾವುದು ಎಂದು ಕೇಳಿದರೆ, ಬಾಣಂತಿ ಕೋಣೆಯಲ್ಲಿ ಮಗು ಯಾರ ಹಾಗಿದೆ ಎಂದು ಹೆಂಗಸರು ಜಗಳಾಡುವಂತೆ ನಾವು ಜಗಳಾಡುತ್ತಿದ್ದೆವು. ಕೊನೆಗೆ ಯಾರಾದರೂ "ರೈಟರ್ ಅಂಕಲ್ ಏನಂತಾರೆ?" ಎನ್ನುತ್ತಿದ್ದರು. ನಾನು ಹೇಳಿದ ಮೇಲೆ ಮಾತು ಮುಗಿಯುತ್ತಿತ್ತು. ಮುಖ ಕಾಣದ ಜನರ ಆ ಮರ್ಯಾದೆಗೇ ನಾನು ಉಬ್ಬಿ ಹೋಗುತ್ತಿದ್ದೆ. ಇದನ್ನೆಲ್ಲ ಯಾಕೆ ಹೇಳಿದೆನೆಂದರೆ — ಗೊತ್ತಾಗಲಿಲ್ಲ ಎನ್ನಲು ನನಗೆ ಬಾಯಿಲ್ಲ.

ನಿಮ್ಮ ತಮ್ಮ ಮಂಜು ಮೈಸೂರಿನಿಂದ ಆ ಮರಿಯನ್ನು ತಂದಾಗ ನೀವು ಅವನ ಮನೆಗೆ ಬಂದು ಬಹಳ ದಿನವಾಗಿರಲಿಲ್ಲ. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಜಮೀನು ಮಾಡಿದ ಮನೆತನ ನಿಮ್ಮದು. ಗಂಡ ತೀರಿಕೊಂಡರು, ಮಗಳು ರಶ್ಮಿಯನ್ನು ಅರಕಲಗೂಡಿನ ಕಡೆ ಕೊಟ್ಟಾಗಿತ್ತು, ನೀವು ತಮ್ಮನ ಮನೆಗೆ ವಾಪಸು ಬಂದಿರಿ. ತಮ್ಮ ಒಳ್ಳೆಯವನೇ, ಆದರೂ ತಮ್ಮನ ಮನೆ ತಮ್ಮನ ಮನೆಯೇ. ಒಂದು ಲೋಟ ಒಡೆದರೂ ನಿಮ್ಮದೇ ತಪ್ಪು ಎಂದು ನೀವೇ ಮೊದಲು ಒಪ್ಪಿಕೊಳ್ಳುತ್ತಿದ್ದಿರಿ. ಅಂಥ ಮನೆಗೆ, ಮೊಬೈಲ್ ಅಂಗಡಿಯ ಮಂಜು, ಸ್ನೇಹಿತರಿಗೆ ತೋರಿಸಲೆಂದು ಒಂದು ಹಾವಿನ ಮರಿ ತಂದ.

ಮಳೆಗಾಲ. ಕರೆಂಟು ಹೋಗಿತ್ತು. ಡಬ್ಬಿಯ ಕೆಳಗೆ ಕಾವು ಕೊಡುವ ಪ್ಯಾಡ್ ಆರಿತ್ತು. ಮರಿ ತಣ್ಣಗಾಗುತ್ತದೆ ಎಂದು, ಯಾರೂ ಹೇಳದಿದ್ದರೂ, ನೀವು ಡಬ್ಬಿಯನ್ನು ಎತ್ತಿಕೊಂಡು ಬಚ್ಚಲಿನ ಹಂಡೆ ಒಲೆಯ ಬಳಿ ಹೊರಟಿರಿ. ಒದ್ದೆ ಕೈ, ಜಾರಿತು. ಮರುದಿನ ಮೊದಲ ಸಲ ಇಲಿಮರಿ ತಿನ್ನಿಸಲು ಹೋದಾಗ ಮಂಜು ಕಂಡದ್ದು — ಮರಿಯ ತಲೆ ಒಂದು ಪಕ್ಕಕ್ಕೆ ತಿರುಚಿಕೊಂಡು ನಡುಗುತ್ತಿದೆ, ಬಾಯಿ ಹಾಕಿದ ಕಡೆ ಇಲಿಯಿಲ್ಲ. ಅವನೂ ನೀವೂ ಒಂದಕ್ಕೊಂದು ಕೂಡಿಸಿ ಲೆಕ್ಕ ಮುಗಿಸಿದಿರಿ. ಯಾರಾದರೂ ಹಾಗೇ ಕೂಡಿಸುತ್ತಿದ್ದರು.

ಹಾವಿನ ರೈಟ್ರು ಎಂಬ ಹೆಸರು ಕೇಳಿ ನಿಮ್ಮನ್ನೂ ಕರೆದುಕೊಂಡು ಬಂದು, ನನ್ನ ಅಂಗಳದಲ್ಲಿ ಬೈಕ್ ನಿಲ್ಲಿಸಿ ಮಂಜು ಡಬ್ಬಿ ತೆರೆದ.

"ಪಿನ್‌ಸ್ಟ್ರೈಪ್ ಅಂತ ಕೊಟ್ರು ರೈಟ್ರೇ. ಅಕ್ಕ ಬೀಳಿಸ್ಬಿಟ್ಲು. ಈಗ ತಲೆ ಹಿಂಗಾಡುತ್ತೆ, ನೋಡಿ."

ನೋಡಿದೆ. ಪಿನ್‌ಸ್ಟ್ರೈಪ್ ಆಗಿದ್ದರೆ ಬೆನ್ನುದ್ದಕ್ಕೂ ದಾರ ಎಳೆದಂತೆ ಕಂದು ಗೆರೆಯಿರಬೇಕು. ಇದರ ಮೈಮೇಲೆ ಕಪ್ಪು ಗೆರೆ, ಜೇಡನ ಬಲೆಯ ಹಾಗೆ ಹರಡಿಕೊಂಡದ್ದು, ಪಕ್ಕೆಯೆಲ್ಲ ಬಿಳುಪು. ಹೊಸಬರಿಗೆ ಎರಡೂ ಒಂದೇ ಥರ ಕಾಣುತ್ತವೆ. ಸ್ಪೈಡರ್ ಅದು — ಎರಡನೇ ಸಲ ನೋಡುವ ಅಗತ್ಯವೇ ಇರಲಿಲ್ಲ. ಆ ಬಣ್ಣದ ಬೆನ್ನಿಗೇ ಆ ನಡುಕವೂ ಬರುತ್ತದೆ. ಕೆಲವಕ್ಕೆ ಕಡಿಮೆ, ಕೆಲವಕ್ಕೆ ಹೆಚ್ಚು, ತಿನ್ನುವಾಗ ಇನ್ನೂ ಹೆಚ್ಚು. ಮದ್ದಿಲ್ಲ. ಸಾಯುವ ಕಾಯಿಲೆಯೂ ಅಲ್ಲ. ಬಣ್ಣಕ್ಕಾಗಿ ಮನುಷ್ಯ ಮಾಡಿಸಿದ್ದು, ಹಾಗೇ ಬಾಳಿಕೊಂಡು ಹೋಗುತ್ತದೆ.

ಹೇಳಲು ಬಾಯಿ ತೆರೆದೆ — ಇದನ್ನು ನಂಬುವುದು ಬಿಡುವುದು ನಿಮಗೆ ಸೇರಿದ್ದು, ಆದರೆ ತೆರೆದದ್ದು ನಿಜ. ಅಷ್ಟರಲ್ಲಿ ನೀವು ಮೆಟ್ಟಿಲ ಮೇಲಿಂದ ಹೇಳಿದಿರಿ:

"ನನ್ನಿಂದಾನೇ ಆಗಿದ್ದು ರೈಟ್ರೇ. ಬೆಚ್ಚಗಿರ್ಲಿ ಅಂತ ಎತ್ಕೊಂಡೆ. ನಾಗಪ್ಪನ ತಲೆ ಕೆಡಿಸ್ಬಿಟ್ಟೆ."

ನಗಿಸೋಣವೆಂದು, ಇದು ನಾಗಪ್ಪನಲ್ಲ, ಆಫ್ರಿಕಾದ್ದು ಎಂದೆ. ನೀವು ನಗಲಿಲ್ಲ. "ಎಲ್ಲೀದಾದ್ರೇನು? ಹೊಟ್ಟೆ ಮೇಲೆ ಹರಿಯೋದೆಲ್ಲ ಅವನದೇ" ಎಂದಿರಿ. ಮಾತು ತಿರುಗಿಸಲು, ಬಂದವರನ್ನೆಲ್ಲ ಕೇಳುವ ಹಾಗೆ, ಕಾಫಿ ಕುಡಿಯುತ್ತೀರಾ ಎಂದೆ. ಮಂಜು "ಈಗಷ್ಟೇ ಆಯ್ತು" ಎಂದ.

"ನಂಗೆ ಕೊಡಿ. ಚಳಿ ಆಗ್ತಿದೆ" ಎಂದಿರಿ ನೀವು.

ಎರಡನೆಯ ಲೋಟ ಕಪಾಟಿನ ಹಿಂದೆಲ್ಲೋ ಇತ್ತು. ಹುಡುಕಿ, ಧೂಳು ತೊಳೆದು, ಬೆಲ್ಲದ ಕಾಫಿ ಬಗ್ಗಿಸಿ ಕೊಟ್ಟೆ. ನೀವು ಮೂಸಿ ನೋಡಿ, "ಇದೇನ್ ರೈಟ್ರೇ, ಹಾಲಿಲ್ದೆ ಕಷಾಯ ಕೊಡ್ತೀರ" ಎಂದು, ಅಳುಮುಖದಲ್ಲೇ ಒಂದಿಷ್ಟು ನಕ್ಕು, ಪೂರ್ತಿ ಕುಡಿದಿರಿ. ಒಳಗೆ ಬಂದು ಲೋಟವನ್ನು ನೀವೇ ತೊಳೆದು ನನ್ನ ಲೋಟದ ಪಕ್ಕ ಬೋರಲು ಹಾಕಿದಿರಿ. ನಾನು ಆ ಎರಡು ಲೋಟಗಳನ್ನೇ ನೋಡುತ್ತಿದ್ದೆ, ಮಂಜು ಕೇಳಿದ: "ವಾಸಿಯಾಗುತ್ತಾ ರೈಟ್ರೇ?"

ಇಲ್ಲ ಎಂದರೆ ನೀವು ಹೋಗುತ್ತೀರಿ. ಅಷ್ಟೇ ನನ್ನ ತಲೆಯಲ್ಲಿ ಬಂದದ್ದು.

"ಪೆಟ್ಟು ಬಿದ್ದಿದೆ. ನಿಧಾನಕ್ಕೆ ವಾಸಿಯಾಗುತ್ತೆ" ಎಂದೆ. "ಭಾನುವಾರ ಭಾನುವಾರ ತರ್ತಾ ಇರಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನನ್ನದು ಹೋಗಲಿಲ್ಲ. ಇಲ್ಲೇ ಕುಳಿತಿದೆ.

ಆಮೇಲೆ ನನಗೆ ನಾನೇ ಏನೇನೋ ಹೇಳಿಕೊಂಡೆ. ನಿಜ ಹೇಳಿದರೆ ಮಂಜು ಮರಿಯನ್ನು ಅಂಗಡಿಗೆ ಹಿಂತಿರುಗಿಸುತ್ತಾನೆ, ಅಲ್ಲಿ ಅದರ ಗತಿ ಏನೋ ಎಂದು. ನಂಬಿಕೆಯಿಂದ ನೋಡಿಕೊಂಡರೆ ಮರಿಗೂ ಒಳ್ಳೆಯದು ಎಂದು. ಎಲ್ಲ ಬೊಗಳೆ. ನನಗೆ ಬೇಕಿದ್ದದ್ದು ಆ ಎರಡನೆಯ ಲೋಟ. ಇದಕ್ಕೆ ಬೇರೆ ಹೆಸರಿಡಬೇಡಿ, ಭಾಗ್ಯಮ್ಮ — ಅಥವಾ ಇಡಿ, ನಿಮಗೆ ಆ ಹಕ್ಕಿದೆ. ನಾನಂತೂ ಹೆಸರಿಡಲು ಧೈರ್ಯ ಮಾಡಲಿಲ್ಲ.

ಭಾನುವಾರ ಸಂತೆಗೆಂದು ಬಸ್ಸಿಗೆ ಬರುತ್ತಿದ್ದಿರಿ, ಸೊಪ್ಪುಸದೆಯ ಚೀಲದೊಳಗೆ ಬಟ್ಟೆಚೀಲ, ಬಟ್ಟೆಚೀಲದೊಳಗೆ ಮರಿ. ಸುತ್ತಿಕೊಂಡು ಉಂಡೆಯಾಗಿರುತ್ತದೆಂದು ನೀವೇ ಅದಕ್ಕೆ ಗುಂಡ ಎಂದು ಹೆಸರಿಟ್ಟಿರಿ. ಒಮ್ಮೆ ಕಂಡಕ್ಟರ್ ಚೀಲ ಮುಟ್ಟಿ ಏನಮ್ಮಾ ಇದು ಎಂದನಂತೆ, ನೀವು ಗೆಡ್ಡೆಕೋಸು ಎಂದಿರಂತೆ. ಅದನ್ನು ಹೇಳಿಕೊಂಡು ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಈ ಮನೆಯಲ್ಲಿ ಅಷ್ಟು ನಗು ಅದಕ್ಕೆ ಹಿಂದೆ ಯಾವಾಗ ಕೇಳಿತ್ತೋ. ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ತರುತ್ತಿದ್ದಿರಿ. ಅಂಗಳ ನೋಡಿ ಬೈಯುತ್ತಿದ್ದಿರಿ, ಬೈದು ನೀವೇ ಗುಡಿಸುತ್ತಿದ್ದಿರಿ. ಶನಿವಾರ ಬಂದರೆ ಸಾಕು, ನಾನು ಗಡ್ಡ ಹೆರೆದುಕೊಂಡು, ಪಂಚೆ ಒಗೆದು, ಹೊಸ ಮದುಮಗನ ಹಾಗೆ — ಛೆ, ಈ ವಯಸ್ಸಿನಲ್ಲಿ.

ನಾನು ಮಾಡುತ್ತಿದ್ದ ಚಿಕಿತ್ಸೆಯೆಲ್ಲ ನಾಟಕ. ಉಗುರುಬೆಚ್ಚಗಿನ ನೀರಿನಲ್ಲಿ ಬಿಡುವುದು, ಕಾಫಿ ಕೊಂಬೆಯ ಮೇಲೆ ಹರಿಸುವುದು, ಕುತ್ತಿಗೆಯ ಮೇಲೆ ಬೆರಳಿಟ್ಟು ಗಂಭೀರವಾಗಿ ತಲೆಯಾಡಿಸುವುದು. ಗುಂಡನಿಗೆ ಅದರಿಂದ ನಷ್ಟವೂ ಇಲ್ಲ, ಲಾಭವೂ ಇಲ್ಲ. ಇಕ್ಕಳದಲ್ಲಿ ಇಲಿಮರಿ ಹಿಡಿದು, ಅವನ ತಲೆ ಯಾವ ಕಡೆ ಓಲಾಡುತ್ತದೋ ಆ ಕಡೆಗೇ ಒಯ್ದು ತಿನ್ನಿಸುವುದನ್ನು ಮಾತ್ರ ನೀವು ನನಗಿಂತ ಚೆನ್ನಾಗಿ ಕಲಿತಿರಿ. ಅವನು ಬದುಕಿದ್ದು ನಿಮ್ಮ ಆ ತಾಳ್ಮೆಯಿಂದ. ಪ್ರತಿ ಸಲ ಹೊರಡುವಾಗ ಕೇಳುತ್ತಿದ್ದಿರಿ: "ಹೋದ್ ವಾರಕ್ಕಿಂತ ವಾಸಿ ಅನ್ಸುತ್ತೆ, ಅಲ್ವಾ?" ನಾನು ಹೂಂ ಎನ್ನುತ್ತಿದ್ದೆ. ಒಂದು ಹೂಂ. ಅದೆಷ್ಟು ಅಗ್ಗದ ಅಕ್ಷರ.

ಇಷ್ಟೇ ಆಗಿದ್ದರೆ — ಒಬ್ಬ ಒಂಟಿ ಮುದುಕನ ಪೆದ್ದುತನ ಎಂದು ನೀವು ಒಂದು ದಿನ ಬೈದು ಮರೆಯುತ್ತಿದ್ದಿರಿ. ಆದರೆ ನೀವು ಹರಕೆ ಹೊತ್ತಿದ್ದಿರಿ.

ಅದು ನನಗೆ ತಿಳಿದದ್ದು ಷಷ್ಠಿಯ ಹತ್ತಿರ. ಸುಬ್ರಹ್ಮಣ್ಯಕ್ಕೆ ಹೋಗುವ ಬಸ್ಸುಗಳೆಲ್ಲ ನನ್ನ ಸಂಪಾಜೆಯ ಮೇಲೇ ಇಳಿಯುವುದು, ಬೇಕಾದರೆ ಜೊತೆಗೆ ಬಂದು ಒಂದು ಪೂಜೆ ಮಾಡಿಸಿಕೊಂಡು ಬರೋಣ, ನಿಮ್ಮ ಮನಸ್ಸು ಹಗುರಾದೀತು ಎಂದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು — ಅಂಥ ಉಪಾಯ ನನ್ನದು. ಪೂಜೆಯಿಂದ ನಿಮ್ಮ ಪಾಪ ಕಳೆಯಲಿ, ನನ್ನ ಸುಳ್ಳು ಉಳಿಯಲಿ. ನೀವು ತಲೆಯಾಡಿಸಿದಿರಿ.

"ಸತ್ತ ಹಾವಿಗಾದ್ರೆ ಸಂಸ್ಕಾರ ಮಾಡಿಸ್ಬೋದು ರೈಟ್ರೇ. ಇವನು ಬದ್ಕಿ ನನ್ನ ಕಣ್ಮುಂದೇನೇ ತಲೆ ಆಡಿಸ್ತಾ ಇದಾನೆ. ಇವನ ತಲೆ ನಿಲ್ಲೋವರ್ಗೂ ನಾನು ಯಾವ ಹಸುಗೂಸನ್ನೂ ಮುಟ್ಟಲ್ಲ ಅಂತ ಹುತ್ತದ ಮುಂದೆ ಹೇಳ್ಕೊಂಡಿದೀನಿ. ದೋಷ ಇರೋ ಕೈ. ಮಗೂಗೆ ತಗುಲ್ಬಾರ್ದು."

ರಶ್ಮಿ ಆಗ ತುಂಬು ಬಸುರಿ. ಚೊಚ್ಚಲ ಹೆರಿಗೆ, ತವರಿಗೆ ಬರುವವಳು, ಅಂದರೆ ಮಂಜುವಿನ ಮನೆಗೆ. ನಿಮ್ಮ ಹರಕೆ ಯಾವ ಮಗುವಿಗಾಗಿ ಎಂಬುದು ನನಗೆ ಅರ್ಥವಾಯಿತು. ಇನ್ನೊಂದೂ ಅರ್ಥವಾಯಿತು — ಆ ಹರಕೆಗೆ ಕೊನೆಯಿಲ್ಲ. ಗುಂಡನ ತಲೆ ನಿಲ್ಲುವುದಿಲ್ಲ. ಈ ಭೂಮಿಯ ಮೇಲೆ ಅದು ಗೊತ್ತಿದ್ದದ್ದು ನಿಮ್ಮ ಎದುರು ಕುಳಿತು ಕಾಫಿ ಆರಿಸುತ್ತಿದ್ದ ಒಬ್ಬನಿಗೆ. ಅವನು ಲೋಟ ಕೆಳಗಿಟ್ಟು ಒಂದು ಮಾತು ಹೇಳಬೇಕಿತ್ತು.

ಹೆರಿಗೆಗೆ ಇನ್ನೂ ದಿನವಿದೆಯಲ್ಲ, ಮುಂದಿನ ವಾರ ಹೇಳೋಣ ಎಂದುಕೊಂಡೆ. ಅದರ ಮುಂದಿನ ವಾರವೂ ಹಾಗೇ ಅಂದುಕೊಂಡೆ. ದಿನ ಕಳೆದಷ್ಟೂ ಹೇಳುವುದು ಕಷ್ಟವಾಯಿತು. ಈಗ ಮರಿಯ ಬಣ್ಣದ ವಿಷಯ ಮಾತ್ರವಲ್ಲ, ಇಷ್ಟು ಭಾನುವಾರ ನಿಮ್ಮನ್ನು ಯಾಕೆ ಕರೆಸಿಕೊಂಡೆ ಎಂಬುದನ್ನೂ ಹೇಳಬೇಕಿತ್ತು.

ಹೆಣ್ಣು ಮಗು ಹುಟ್ಟಿತು. ನಮ್ಮ ಕಡೆ ಎಲ್ಲೇ ಆಗಲಿ, ಅಜ್ಜಿಯಾದವಳು ಕಾಲು ಚಾಚಿ ಕೂತು, ಮೊಣಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕಿ ನೀರೆರೆಯಬೇಕು. ನೀವು ಅದೇ ಹಂಡೆ ಒಲೆಗೆ ಸೌದೆ ಒಡ್ಡಿ ನೀರು ಕಾಯಿಸಿದಿರಿ. ನೀರೆರೆಯಲು ಬೀದಿಯ ಕೊನೆಯ ಮುದುಕಿಯನ್ನು ಕರೆದಿರಿ. ಬಾಗಿಲಾಚೆ ನಿಂತು, ಕುತ್ತಿಗೆ ಸಂದಿಗೆ ಎಣ್ಣೆ ಸರಿಯಾಗಿ ಹಚ್ಚಿ, ಕಿವಿಗೆ ನೀರು ಹೋಗದ ಹಾಗೆ ನೋಡಿ ಎಂದು ಹೇಳುತ್ತಿದ್ದಿರಂತೆ. ಒಳಗೆ ಮಾತ್ರ ಹೋಗಲಿಲ್ಲ. ರಶ್ಮಿಗೆ ಹರಕೆಯ ಕಾರಣ ಹೇಳಿದಿರಿ. ಓದಿದ ಹುಡುಗಿ, ಅವಳು ನಂಬಲಿಲ್ಲ. ಒಂದು ಹಾವು ಬಿದ್ದದ್ದಕ್ಕೆ ಯಾವ ಅಜ್ಜಿ ಮೊಮ್ಮಗುವನ್ನು ಮುಟ್ಟದೆ ಇರುತ್ತಾಳೆ? ಅವಳಿಗೆ ಕಂಡದ್ದು ಬೇರೆ ಕಾರಣ: "ಹೆಣ್ಣು ಅಂತ ತಾನೇ ಅಮ್ಮಾ? ಗಂಡಾಗಿದ್ರೆ ಇಷ್ಟೊತ್ತಿಗೆ ಮಡಿಲಲ್ಲಿ ಇರ್ತಿತ್ತು."

ಅದನ್ನು ನೀವು ನನಗೆ ಹೇಳಿದ ಭಾನುವಾರ ರೊಟ್ಟಿ ತಂದಿರಲಿಲ್ಲ, ಅಂಗಳವನ್ನೂ ನೋಡಲಿಲ್ಲ. ಕಾಫಿ ಕೊಟ್ಟೆ, ಲೋಟ ಹಿಡಿದುಕೊಂಡು ಕೂತಿರಿ, ಕುಡಿಯಲಿಲ್ಲ. ಆಮೇಲೆ, ಅಷ್ಟು ದಿನದಲ್ಲಿ ಮೊದಲ ಸಲ, ನೇರವಾಗಿ ನನ್ನ ಮುಖ ನೋಡಿ ಕೇಳಿದಿರಿ:

"ನಿಜ ಹೇಳಿ ರೈಟ್ರೇ. ಇದು ವಾಸಿಯಾಗುತ್ತಾ? ಆಗಲ್ಲ ಅಂದ್ರೆ ಆಗಲ್ಲ ಅನ್ನಿ. ನಾನು ಬೇರೆ ದಾರಿ ನೋಡ್ಕೋತೀನಿ. ಕೂಸು ಇನ್ನೇನು ಹೊರಟೋಗುತ್ತೆ."

ಇದಕ್ಕಿಂತ ಸುಲಭವಾಗಿ ಯಾರೂ ಯಾರನ್ನೂ ಕೇಳಲಾರರು. ಬಾಗಿಲು ನೀವೇ ತೆರೆದು ಹಿಡಿದಿದ್ದಿರಿ, ನಾನು ದಾಟಬೇಕಿತ್ತು ಅಷ್ಟೇ. ನನ್ನ ಒಂದು ಕಡೆ ನಿಮ್ಮ ಮೊಮ್ಮಗು. ಇನ್ನೊಂದು ಕಡೆ ಒಂದು ಲೋಟ. ನಾನು ತೂಗಿ ನೋಡಿದೆ — ಹೌದು, ಜೀವಮಾನವೆಲ್ಲ ಕಾಫಿ ಹಣ್ಣು ತೂಗಿಸಿದವನು, ಅವತ್ತು ಅದನ್ನೂ ತೂಗಿದೆ.

"ಇನ್ನೂ ಸ್ವಲ್ಪ ದಿನ ನೋಡೋಣ" ಎಂದೆ.

ರಶ್ಮಿ ಬಾಣಂತನ ಮುಗಿಯುವ ಮೊದಲೇ ಗಂಡನನ್ನು ಕರೆಸಿಕೊಂಡು ಹೊರಟು ಹೋದಳು. ಅದರ ಮುಂದಿನ ಭಾನುವಾರ ನೀವು ಗುಂಡನನ್ನು ಡಬ್ಬಿ, ಪ್ಯಾಡ್, ಇಕ್ಕಳ ಎಲ್ಲದರ ಸಮೇತ ತಂದಿರಿ. ಮಂಜುವಿಗೆ ಹಾವು ಸಾಕುವ ಹುಚ್ಚು ಇಳಿದಿತ್ತು. ಮನೆಯಲ್ಲಿ ಆದದ್ದನ್ನೆಲ್ಲ ನೋಡಿ ಅವನಿಗೂ ಬೇಸರವಾಗಿತ್ತು. "ನೀವೇ ಇಟ್ಕೊಳ್ಳಿ ರೈಟ್ರೇ" ಎಂದಿರಿ. "ನೋಡೋಕೆ ನಂಗೆ ಆಗ್ತಿಲ್ಲ. ತಲೆ ನಿಂತ ದಿನ ಫೋನ್ ಮಾಡಿ." ಮೆಟ್ಟಿಲಿಳಿದು ಹೋದಿರಿ. ಅವತ್ತು ಎರಡು ಲೋಟವೂ ಬೋರಲೇ ಉಳಿದವು.

ಕಾಗದಪತ್ರ ನನ್ನ ಹೆಸರಿಗೆ ಬಂತು. ಗುಂಡ ನನ್ನ ಮನೆಗೆ ಬಂದ. ನೀವು ಬರುವುದು ನಿಲ್ಲಬಾರದೆಂದು ಸುಳ್ಳು ಹೇಳಿದವನಿಗೆ ದೇವರು ಕೊಟ್ಟ ಸಂಗಾತಿ ಇವನು. ಇವನ ಜಾತಿ ಸಾಕಿದರೆ ಬಹಳ ವರ್ಷ ಬಾಳುತ್ತದೆ, ನನಗಿಂತ ಹೆಚ್ಚು ಬಾಳಿದರೂ ಬಾಳಿಯಾನು. ಮಳೆಗಾಲದಲ್ಲಿ ಕರೆಂಟು ಹೋದಾಗ ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಡಬ್ಬಿಯಲ್ಲಿಡುತ್ತೇನೆ. ನಿಮ್ಮ ಹಾಗೆಯೇ, ಬೆಚ್ಚಗಿರಲಿ ಎಂದು. ಇಲಿ ತೋರಿಸಿದಾಗ ಇವನ ತಲೆ ಈಗಲೂ ತಿರುಚಿಕೊಳ್ಳುತ್ತದೆ. ನಾನು ಇಕ್ಕಳವನ್ನು ಆ ಕಡೆಗೇ ಒಯ್ಯುತ್ತೇನೆ, ನೀವು ಮಾಡುತ್ತಿದ್ದಂತೆ. ಆ ಗುಂಪಿನ ಫೋಟೋಗಳಿಗೆ ಈಗ ಉತ್ತರ ಹೇಳುವುದಿಲ್ಲ. ಇದು ಯಾವುದು ಎಂದು ಯಾರಾದರೂ ಕೇಳಿದರೆ ಫೋನನ್ನು ಬೋರಲು ಹಾಕುತ್ತೇನೆ.

ಪ್ರತಿ ವರ್ಷ ಷಷ್ಠಿಯ ದಿನ ಹುತ್ತಕ್ಕೆ ಹಾಲೆರೆದು ಬಂದು ನೀವು ಫೋನ್ ಮಾಡುತ್ತೀರಿ. ಅವತ್ತು ಬೆಳಗಿನಿಂದ ಹಲಸಿನ ಮರದ ಬುಡ ಬಿಟ್ಟು ಏಳುವುದಿಲ್ಲ ನಾನು. ಹೆಂಗಿದಾನೆ ಗುಂಡ ಎನ್ನುತ್ತೀರಿ. ಚೆನ್ನಾಗಿದ್ದಾನೆ ಎನ್ನುತ್ತೇನೆ. ತಲೆ ನಿಂತಿತಾ ಎನ್ನುತ್ತೀರಿ. ಇಲ್ಲ ಎನ್ನುತ್ತೇನೆ. ಆ 'ಇಲ್ಲ' ಎಂಬುದು ನಿಜ, ನಿಜವಾಗಿರುವುದರಿಂದಲೇ ಅದು ಹಿಂದಿನ ಎಲ್ಲ ಸುಳ್ಳಿಗಿಂತ ಹೊಲಸು. ನಾಚಿಕೆ ಬಿಟ್ಟು ಇದನ್ನೂ ಹೇಳುತ್ತೇನೆ — ಆ ಒಂದು ಫೋನಿಗಾಗಿ ನಾನು ವರ್ಷವಿಡೀ ಕಾಯುತ್ತಿದ್ದೆ.

ಈ ಸಲದ ಷಷ್ಠಿಗೆ ನಿಮ್ಮ ದನಿ ಬೇರೆಯಾಗಿತ್ತು. ನೆಂಟರ ಮನೆಯ ಮದುವೆಯಲ್ಲಿ ರಶ್ಮಿ ಸಿಕ್ಕಿದ್ದಳು, ಮಗಳೂ ಜೊತೆಗಿದ್ದಳು ಎಂದಿರಿ.

"ನಾನು ಯಾರು ಅಂತ ಯಾರೋ ತೋರ್ಸಿದ್ರು ಅನ್ಸುತ್ತೆ. ಓಡಿ ಬಂದ್ಲು ರೈಟ್ರೇ. ಎತ್ಕೋ ಅಂತ ಎರಡೂ ಕೈ ಚಾಚಿದ್ಲು. ಹಸುಗೂಸಲ್ಲ ಈಗ, ಮುಟ್ಬೋದಾ ಬ್ಯಾಡ್ವಾ ಅಂತ ನಂಗೇ ಗೊತ್ತಾಗ್ಲಿಲ್ಲ. ಕೈ ಹಿಂದಕ್ಕೆ ಹೋಯ್ತು. ಅವ್ಳು ಒಂಚೂರು ನಿಂತು ನೋಡಿ, ಅವ್ರಮ್ಮನ ತಾವ ಹೋದ್ಲು." ಮತ್ತೆ ನೀವೇ, "ಸ್ಕೂಲಿಗೆ ಹೋಗ್ತಾಳೆ. ಇನ್ನು ಎತ್ಕೊಳ್ಳೋ ವಯಸ್ಸೂ ದಾಟೋಯ್ತು ಬಿಡಿ" ಎಂದಿರಿ. ಆಮೇಲೆ ಎಂದಿನಂತೆ ಕೇಳಿದಿರಿ: "ತಲೆ ನಿಂತಾ?"

ನನ್ನಿಂದ ಇಲ್ಲ ಎನ್ನಲೂ ಆಗಲಿಲ್ಲ. ಸಿಗ್ನಲ್ ಹೋಯಿತೆಂದು ನೀವು ಅಂದುಕೊಂಡಿರಿ, ಹಲೋ ಹಲೋ ಎಂದು ಇಟ್ಟುಬಿಟ್ಟಿರಿ. ಸಿಗ್ನಲ್ ಇತ್ತು.

ಒಂಟಿತನ ಕೆಟ್ಟದ್ದು, ಒಪ್ಪುತ್ತೇನೆ. ಆದರೆ ಒಂಟಿಯಾಗಿರುವವರು ಈ ಲೋಕದಲ್ಲಿ ಎಷ್ಟು ಜನರಿಲ್ಲ — ಅವರೆಲ್ಲ ಇನ್ನೊಬ್ಬರ ಮಡಿಲಿನ ಮಗುವನ್ನು ಕದಿಯುವುದಿಲ್ಲ. ತಮ್ಮನ ಮನೆಯಲ್ಲಿ ನೀವೂ ಒಂಟಿಯೇ ಇದ್ದಿರಿ. ನಿಮಗಿದ್ದದ್ದು ಒಬ್ಬ ಮಗಳು, ಅವಳಿಗೊಂದು ಮಗು. ನಾನು ಎರಡನ್ನೂ ಕಿತ್ತುಕೊಂಡೆ. ನನಗೆ ದಕ್ಕಿದ್ದು ಒಂದು ಮಳೆಗಾಲ, ಒಂದು ಚಳಿಗಾಲದ ಭಾನುವಾರಗಳು. ಕ್ಷಮಿಸಿ ಎಂದು ಹೇಳಲು ಹೋಗಿ ಬಿಟ್ಟೆ. ಆ ಮಾತಿನಿಂದ ಹಗುರಾಗುವವನು ನಾನೊಬ್ಬನೇ.

ನಾಳೆ ಭಾನುವಾರ. ಫೋನ್ ಮಾಡುವುದಿಲ್ಲ, ನಾನೇ ಬರುತ್ತೇನೆ. ಗುಂಡನನ್ನು ಬಟ್ಟೆಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತುತ್ತೇನೆ. ಇವನೀಗ ಗೆಡ್ಡೆಕೋಸಿನಷ್ಟಿಲ್ಲ, ಸುಲಿಯದ ತೆಂಗಿನಕಾಯಿಯಷ್ಟಿದ್ದಾನೆ. ಕಂಡಕ್ಟರ್ ಕೇಳಿದರೆ ಹಾವು ಎಂದೇ ಹೇಳುತ್ತೇನೆ. ಇಳಿಸಿದರೆ ನಡೆಯುತ್ತೇನೆ.

ನನಗಿರುವ ಹೆದರಿಕೆ ಒಂದೇ. ಬಾಗಿಲು ತೆರೆದು ನನ್ನನ್ನೂ ಚೀಲವನ್ನೂ ಕಂಡ ಕೂಡಲೇ, ಇವನ ತಲೆ ನಿಂತಿತೆಂದೇ ತಿಳಿದು ನಿಮ್ಮ ಮುಖ ಅರಳುತ್ತದೆ. ಒಳಗೆ ಬನ್ನಿ ರೈಟ್ರೇ, ಕಾಫಿ ಕುಡೀರಿ ಎನ್ನುತ್ತೀರಿ. ನಾನು ಒಳಗೆ ಬರುವುದಿಲ್ಲ. ನೀವು ನನ್ನ ಮನೆಯಲ್ಲಿ ನಿಂತಿದ್ದಿರಲ್ಲ, ಹಾಗೆ ಮೆಟ್ಟಿಲ ಮೇಲೆಯೇ ನಿಂತು, ಚೀಲ ಬಿಚ್ಚಿ, ಇವನ ಮೈಮೇಲಿನ ಕಪ್ಪು ಗೆರೆ, ಪಕ್ಕೆಯ ಬಿಳುಪು ತೋರಿಸಿ, ಮೊದಲ ದಿನ ಹೇಳಬೇಕಾಗಿದ್ದುದನ್ನು ಹೇಳುತ್ತೇನೆ. ಆಮೇಲೆ ರಶ್ಮಿಯ ಊರಿನ ದಾರಿ ಕೇಳುತ್ತೇನೆ. ನೀವು ಹೇಳದಿದ್ದರೆ ಮಂಜುವನ್ನು ಕೇಳುತ್ತೇನೆ. ಅವಳಿಗೂ ಇದನ್ನು ನಾನೇ ಹೇಳಬೇಕು, ನಿಮ್ಮ ಬಾಯಿಂದ ಬಂದರೆ ಅವಳು ಮತ್ತೆ ನಂಬುವುದಿಲ್ಲ. ಅವಳ ಮಗಳು ಪಕ್ಕದಲ್ಲಿದ್ದರೆ ಅವಳೂ ಕೇಳಿಸಿಕೊಳ್ಳಲಿ — ಹುಟ್ಟಿದ ದಿನದಿಂದ ಅಜ್ಜಿ ತನ್ನನ್ನು ಯಾಕೆ ಎತ್ತಿಕೊಳ್ಳಲಿಲ್ಲ ಎಂದು.

ಮಾತು ಇಷ್ಟೇ. ಎಷ್ಟು ಸಲ ಹೇಳಿ ನೋಡಿದರೂ ಇದಕ್ಕಿಂತ ಉದ್ದವಾಗುವುದಿಲ್ಲ: ಇದು ಪಿನ್‌ಸ್ಟ್ರೈಪ್ ಅಲ್ಲ, ಭಾಗ್ಯಮ್ಮ, ಸ್ಪೈಡರ್. ಇದರ ತಲೆ ಹುಟ್ಟಿನಿಂದಲೇ ಹೀಗೆ. ನಿಮ್ಮ ಕೈಯಿಂದ ಏನೂ ಆಗಿಲ್ಲ.